ಮಗಳು ಸ್ಪ್ಯಾನಿಷ್ 4 ಬೇಡ ಅಂತಿದ್ದಾಳೆ, ಬಿಡಿಸಬಹುದಾ? ಶುಕ್ರವಾರ ಫಾರ್ಮ್ ಕೊಡಬೇಕು

ಫ್ರೀಮಾಂಟ್ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಮಗಳು ಈಗ ಹತ್ತನೇ ಕ್ಲಾಸು, ಸ್ಪ್ಯಾನಿಷ್ 3, ಅಂದರೆ ಮೂರನೇ ಮಟ್ಟ ನಡೆಯುತ್ತಿದೆ. ಸ್ಪ್ಯಾನಿಷ್ 1 ಅನ್ನು ಮಿಡ್ಲ್ ಸ್ಕೂಲಿನಲ್ಲೇ ಮುಗಿಸಿದ್ದಳು. ಮುಂದಿನ ವರ್ಷ ಯಾವ ಯಾವ ಕ್ಲಾಸು ಬೇಕು ಅಂತ ಬರೆದುಕೊಡುವ ಫಾರ್ಮ್ ಬಂದಿದೆ. ಶುಕ್ರವಾರ ಕಡೇ ದಿನ. ದಿನಕ್ಕೆ ಇರುವುದೇ ಆರು ಪಿರಿಯಡ್. ಸ್ಪ್ಯಾನಿಷ್ 4 ಬಿಟ್ಟು ಆ ಜಾಗಕ್ಕೆ ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು) ಕೆಮಿಸ್ಟ್ರಿ ಹಾಕಿಕೊಳ್ಳುತ್ತೇನೆ ಅನ್ನುತ್ತಾಳೆ. ಎಪಿ ಬಯಾಲಜಿ ಹೇಗೂ ಇದೆ, ಅವಳ ಮನಸ್ಸು ಅದರ ಕಡೆಗೇ.

ನಮ್ಮ ಮನೆಯವರು “ಹಾರ್ವರ್ಡ್‌ನವರು ನಾಲ್ಕು ವರ್ಷ ಕೇಳ್ತಾರೆ, ಬಿಡೋ ಮಾತೇ ಇಲ್ಲ” ಅಂತ ಕೂತಿದ್ದಾರೆ. ಪಕ್ಕದ ಮನೆಯವರು ಮೂರು ಸಾಕು ಅನ್ನುತ್ತಾರೆ. ಶಾಲೆಯ ಕೌನ್ಸೆಲರ್ ಹತ್ತಿರ ಹತ್ತು ನಿಮಿಷ ಸಿಗುವುದೇ ಕಷ್ಟ, ಪಾಪ ಅವರೊಬ್ಬರ ಕೈಗೆ ನೂರಾರು ಮಕ್ಕಳು. ನನಗಂತೂ ತಲೆ ಚಿಟ್ಟು ಹಿಡಿದಿದೆ.

ಇನ್ನೊಂದು ವಿಷಯ. ಮನೆಯಲ್ಲಿ ನಾವು ಕನ್ನಡವನ್ನೇ ಮಾತಾಡುವುದು. ಅವಳು ಚೆನ್ನಾಗಿ ಮಾತಾಡುತ್ತಾಳೆ, ನಿಧಾನಕ್ಕೆ ಓದುತ್ತಾಳೆ, ಬರೆಯುವುದು ಅಷ್ಟಕ್ಕಷ್ಟೆ. ಇದನ್ನು ಎಲ್ಲಾದರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರಾ? ಗೊತ್ತಿದ್ದವರು ಹೇಳಿ.

ಎಡಿಸನ್ ರಾಯರು

ನಾಲ್ಕು ವರ್ಷ ಮಾಡಿಸಿ ಅಮ್ಮಾ. ಇದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇಲ್ಲ. ನಮ್ಮ ಸ್ನೇಹಿತರ ಮಗ, ಎಲ್ಲದರಲ್ಲೂ ಎ. ಎರಡು ವರ್ಷ ಓದಿ ಫ್ರೆಂಚ್ ಬಿಟ್ಟ. ದೊಡ್ಡ ಕಾಲೇಜು ಒಂದೂ ಸಿಗಲಿಲ್ಲ. ಫ್ರೆಂಚ್ ಬಿಟ್ಟಿದ್ದೇ ಮುಳುವಾಯಿತು.

ಕಾಫಿಪುಡಿ

ರಾಯರೇ, ಅದು ಫ್ರೆಂಚ್ ಬಿಟ್ಟಿದ್ದಕ್ಕೇ ಅಂತ ಕಾಲೇಜಿನವರು ಹೇಳಿದರಾ? ಸೀಟು ಇಲ್ಲ ಅಂದಾಗ ಅವರು ಕಾರಣ ಬರೆದು ಕಳಿಸುವುದಿಲ್ಲ. ನಾನು ಹತ್ತು ವರ್ಷ ಇಲ್ಲಿನ ಹೈಸ್ಕೂಲ್ ಕೌನ್ಸೆಲಿಂಗ್ ಆಫೀಸಿನಲ್ಲಿ ಕೆಲಸ ಮಾಡಿದವಳು. ಸೀಟು ಸಿಗದೇ ಹೋದಾಗ ಮನೆಮಂದಿಯೆಲ್ಲ ಸೇರಿ ಒಂದು ಕಾರಣ ಹುಡುಕಿಕೊಳ್ಳುತ್ತಾರೆ. ಒಂದು ಮನೆಯಲ್ಲಿ ಅದು ಫ್ರೆಂಚ್, ಇನ್ನೊಂದು ಮನೆಯಲ್ಲಿ ಪಿಟೀಲು ಕ್ಲಾಸು ಬಿಟ್ಟಿದ್ದು.

ಫ್ರೀಮಾಂಟ್ ಅಮ್ಮ, ಮೊದಲು ಎರಡು ಮಾತನ್ನು ಬೇರೆ ಮಾಡಿಕೊಳ್ಳಿ. “ಬೇಕೇ ಬೇಕು” ಅನ್ನುವುದು ಒಂದು. “ಇದ್ದರೆ ಒಳ್ಳೆಯದು” ಅನ್ನುವುದು ಇನ್ನೊಂದು. ನಮ್ಮವರು ಎರಡನ್ನೂ ಒಂದೇ ಉಸಿರಲ್ಲಿ ಹೇಳಿಬಿಡುತ್ತಾರೆ.

ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ನಿಯಮ ನೋಡಿದರೆ ಬರೀ ಹೈಸ್ಕೂಲ್ ಡಿಪ್ಲೊಮಾಗೆ, ಅಂದರೆ ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರಕ್ಕೆ, ಇನ್ನೊಂದು ಭಾಷೆ ಕಡ್ಡಾಯವೇ ಅಲ್ಲ. ಕಲೆ, ಭಾಷೆ, ವೃತ್ತಿ ತರಬೇತಿ, ಈ ಮೂರರಲ್ಲಿ ಯಾವುದಾದರೂ ಒಂದು ವರ್ಷ ಇದ್ದರಾಯಿತು. ಆದರೆ ಬರ್ಕ್ಲಿ, ಡೇವಿಸ್, ಯುಸಿಎಲ್‌ಎ ಅಂತ ಯುಸಿಗಳಿಗೆ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳಿಗೆ) ಅರ್ಜಿ ಹಾಕುವವರು ಎ-ಜಿ ಅನ್ನುವ 15 ಕೋರ್ಸುಗಳ ಪಟ್ಟಿ ಮುಗಿಸಿರಬೇಕು. ಅದರಲ್ಲಿ “ಇ” ಅಂದರೆ ಇಂಗ್ಲಿಷ್ ಅಲ್ಲದ ಭಾಷೆ. ಒಂದೇ ಭಾಷೆ 2 ವರ್ಷ ಕಡ್ಡಾಯ, 3 ವರ್ಷ ಇದ್ದರೆ ಒಳ್ಳೆಯದು. ಸಿಎಸ್‌ಯುಗಳಿಗೂ (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಗಳಿಗೂ) 2 ವರ್ಷ. ಸ್ಪ್ಯಾನಿಷ್ ಒಂದು ವರ್ಷ, ಫ್ರೆಂಚ್ ಒಂದು ವರ್ಷ ಅಂತ ಕೂಡಿಸಿದರೆ ನಡೆಯುವುದಿಲ್ಲ. ಗ್ರೇಡು “ಸಿ”ಗಿಂತ ಕೆಳಗೆ ಇರಬಾರದು. ಕೆಳಗಿನ ಮಟ್ಟದಲ್ಲಿ ಡಿ ಬಂದಿದ್ದರೂ ಅದೇ ಭಾಷೆಯ ಮುಂದಿನ ಮಟ್ಟದಲ್ಲಿ ಸಿ ಬಂದರೆ ಹಿಂದಿನದು ತುಂಬಿಕೊಳ್ಳುತ್ತದೆ.

ಬಹಳ ಜನ ಎಡವುವ ಜಾಗ ಇಲ್ಲಿದೆ. ಯುಸಿಯವರು ಎಣಿಸುವುದು ಹೈಸ್ಕೂಲ್ ಬೆಂಚಿನ ಮೇಲೆ ಕೂತ ವರ್ಷವನ್ನಲ್ಲ, ಮುಟ್ಟಿದ ಮಟ್ಟವನ್ನು. ನಿಮ್ಮ ಮಗಳು ಹೈಸ್ಕೂಲಿನಲ್ಲಿ ಭಾಷೆ ಓದಿದ್ದು ಎರಡೇ ವರ್ಷ ಇರಬಹುದು. ಸ್ಪ್ಯಾನಿಷ್ 3 ಪಾಸಾದರೆ ಲೆಕ್ಕಕ್ಕೆ ಮೂರು. ಅಂದರೆ ಯುಸಿ ಕಡ್ಡಾಯ ಅನ್ನುವುದೂ ಆಯಿತು, ಒಳ್ಳೆಯದು ಅನ್ನುವುದೂ ಆಯಿತು. ಬರ್ಕ್ಲಿಯ ಲೆಟರ್ಸ್ ಅಂಡ್ ಸೈನ್ಸ್ ಕಾಲೇಜಿಗೆ ಸೇರಿದವರು ಡಿಗ್ರಿ ಮುಗಿಸಲು ಒಂದು ಭಾಷೆ ಬೇಕು. ಹೈಸ್ಕೂಲಿನ ಮೂರನೇ ಮಟ್ಟ ಮುಗಿಸಿದ್ದರೆ ಅದೂ ಅಲ್ಲಿಗೇ ತೀರಿಹೋಗುತ್ತದೆ.

ಇನ್ನು ಖಾಸಗಿಯವು. ನಿಮ್ಮ ಯಜಮಾನರು ಹೇಳಿದ್ದು ತಪ್ಪಲ್ಲ. ಹಾರ್ವರ್ಡ್, ಪ್ರಿನ್ಸ್‌ಟನ್ ಒಂದೇ ಭಾಷೆ 4 ವರ್ಷ ಓದಿರಿ ಅಂತ ಬರೆಯುತ್ತವೆ. ಸ್ಟ್ಯಾನ್‌ಫರ್ಡ್ 3 ಅಥವಾ ಜಾಸ್ತಿ ಅನ್ನುತ್ತದೆ. ಎಂಐಟಿ 2 ಅನ್ನುತ್ತದೆ. ಎಲ್ಲವೂ ಸಲಹೆಯೇ. ಆದರೆ ಬಂದ ಅರ್ಜಿಯಲ್ಲಿ ನೂರಕ್ಕೆ ಐದೂ ತೆಗೆದುಕೊಳ್ಳದ ಕಡೆ ಸಲಹೆಯನ್ನು ಹಗುರವಾಗಿ ನೋಡಬಾರದು, ಅದನ್ನು ಒಪ್ಪುತ್ತೇನೆ. ಮಗಳ ಪಟ್ಟಿಯಲ್ಲಿ ಯಾವ ಕಾಲೇಜು ಇವೆಯೋ ಅವುಗಳ ಕಾಮನ್ ಡೇಟಾ ಸೆಟ್ ಅನ್ನುವ ಅಂಕಿ ಅಂಶಗಳ ವರದಿ ತೆಗೆಯಿರಿ. ಹೆಚ್ಚಿನ ಕಾಲೇಜುಗಳು ಅದನ್ನು ಪ್ರತಿ ವರ್ಷ ತಮ್ಮ ವೆಬ್‌ಸೈಟಿನಲ್ಲೇ ಹಾಕುತ್ತವೆ. ಅದರಲ್ಲಿ ಸಿ5 ಅಂತ ಒಂದು ಕೋಷ್ಟಕ ಇರುತ್ತದೆ. ಭಾಷೆ ಎಷ್ಟು ವರ್ಷ ಬೇಕೇ ಬೇಕು, ಎಷ್ಟಿದ್ದರೆ ಒಳ್ಳೆಯದು, ಎರಡೂ ಅಕ್ಕಪಕ್ಕದ ಕಾಲಮ್ಮಿನಲ್ಲಿ ಇರುತ್ತವೆ. ಐದು ನಿಮಿಷದ ಕೆಲಸ. ಅಷ್ಟು ಮಾಡದೆ ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ನಿಂತು ಪಕ್ಕದವರನ್ನು ಕೇಳುತ್ತೇವೆ.

ಕೊನೆಯದು. ಬಿಟ್ಟಿದ್ದಷ್ಟೇ ಅಲ್ಲ, ಬಿಟ್ಟ ಜಾಗಕ್ಕೆ ಏನು ಬಂತು ಅನ್ನುವುದನ್ನೂ ನೋಡುತ್ತಾರೆ. ಬಯಾಲಜಿ ಇಷ್ಟದ ಹುಡುಗಿ ಸ್ಪ್ಯಾನಿಷ್ ಬಿಟ್ಟು ಎಪಿ ಕೆಮಿಸ್ಟ್ರಿ ತೆಗೆದುಕೊಂಡರೆ ಅದಕ್ಕೊಂದು ಅರ್ಥ ಇದೆ. ಬಿಟ್ಟು ಖಾಲಿ ಪಿರಿಯಡ್ ಇಟ್ಟುಕೊಂಡರೆ ಬೇರೆ ಮಾತು.

ಎಡಿಸನ್ ರಾಯರು

ಮೇಡಂ, ಕಾರಣ ಬರೆದು ಕಳಿಸಲಿಲ್ಲ, ಒಪ್ಪಿದೆ. ನಾನೇ ಗಂಟು ಹಾಕಿದೆ. ಆದರೂ ಒಂದು ಮಾತು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ ಸಂಸ್ಕೃತ ತಗೊಂಡವನು. 125ಕ್ಕೆ 123. ಇವತ್ತು ಒಂದು ಶ್ಲೋಕಕ್ಕೆ ನೆಟ್ಟಗೆ ಅರ್ಥ ಹೇಳಲು ಬರುವುದಿಲ್ಲ. ನಮ್ಮ ಬೀದಿಯಲ್ಲಿ ಎಲ್ಲರೂ ಅಂಕಕ್ಕೇ ತಗೊಂಡಿದ್ದು. ಇಲ್ಲಿಗೆ ಬಂದ ಮೇಲೂ ಅದೇ ಕಣ್ಣಲ್ಲಿ ಸ್ಪ್ಯಾನಿಷ್ ನೋಡುತ್ತಿದ್ದೇವೇನೋ. ನಾಲ್ಕು ವರ್ಷ ಓದಲಿ ಅನ್ನುವುದಕ್ಕೆ ನನ್ನ ನಿಜವಾದ ಕಾರಣ ಅದು. ಮೂರಕ್ಕೆ ಬಿಟ್ಟರೆ ನನ್ನ ಸಂಸ್ಕೃತದ ಹಾಗೇ ಆಗುತ್ತದೆ.

ಕಾಫಿಪುಡಿ

ಇದನ್ನು ಮೊದಲೇ ಹೇಳಿದ್ದರೆ ನಾನು ಜಗಳಕ್ಕೆ ಬರುತ್ತಲೇ ಇರಲಿಲ್ಲ ರಾಯರೇ.

ಡಲ್ಲಾಸ್ ಗೌಡ

ಟೆಕ್ಸಾಸ್‌ನಲ್ಲಿರುವವರು ಇದನ್ನು ಓದುತ್ತಿದ್ದರೆ ನನ್ನ ಅನುಭವ ಕೇಳಿ. ಇಲ್ಲಿ ಡಿಪ್ಲೊಮಾಗೆ ಭಾಷೆಯ 2 ಕ್ರೆಡಿಟ್ ಬೇಕು, ಆದರೆ ಆ ಜಾಗಕ್ಕೆ ಕಂಪ್ಯೂಟರ್ ಪ್ರೋಗ್ರಾಮಿಂಗ್ ಕೋರ್ಸು ತೋರಿಸಲು ರಾಜ್ಯದ ನಿಯಮದಲ್ಲೇ ಅವಕಾಶ ಇದೆ. ನನ್ನ ಮಗ ಕುಣಿದಾಡಿಬಿಟ್ಟ. “ಅಪ್ಪಾ, ಜಾವಾನೂ ಭಾಷೇನೇ!” ನಾನೂ ನಕ್ಕು ಸಹಿ ಹಾಕಿದೆ. ಹನ್ನೊಂದನೇ ಕ್ಲಾಸಿಗೆ ಬಂದಾಗ ಸಾನ್ ಡಿಯಾಗೋ ಯುಸಿಗೆ ಹಾಕಬೇಕು ಅಂದ. ಅಲ್ಲಿ ಜಾವಾ ಭಾಷೆ ಅಲ್ಲ. ಮನುಷ್ಯರು ಆಡುವ ಭಾಷೆ ಬೇಕು. ಆಮೇಲೆ ಬೇಸಿಗೆ ರಜೆಯೆಲ್ಲ ಕಮ್ಯುನಿಟಿ ಕಾಲೇಜಿನಲ್ಲಿ ಸ್ಪ್ಯಾನಿಷ್. ದಿನಕ್ಕೆ ನಾಲ್ಕು ಗಂಟೆ. ಹೈಸ್ಕೂಲಿನಲ್ಲಿ ಒಂದು ವರ್ಷ ಕಲಿಸುವುದನ್ನು ಅಲ್ಲಿ ಕೆಲವೇ ವಾರಗಳಲ್ಲಿ ಮುಗಿಸುತ್ತಾರೆ. ಜುಲೈ ತಿಂಗಳಲ್ಲಿ ಡಲ್ಲಾಸ್ ಬಿಸಿಲಿಗೆ ಕಾರಿನಲ್ಲಿ ಕಾದು ಕೂತಿದ್ದು ನಾನು.

ಶಾಲೆಯ ತಪ್ಪಲ್ಲ. ಅವರು ಹೇಳಿದ್ದು ಡಿಪ್ಲೊಮಾಗೆ ಸಾಕು ಅಂತ. ನಾವು ಕೇಳಿಸಿಕೊಂಡಿದ್ದು ಎಲ್ಲದಕ್ಕೂ ಸಾಕು ಅಂತ.

ಅಂದಹಾಗೆ ಯುಸಿಯಲ್ಲಿ ಅಮೆರಿಕನ್ ಸೈನ್ ಲಾಂಗ್ವೇಜ್ ನಡೆಯುತ್ತದೆ, ಲ್ಯಾಟಿನ್ ನಡೆಯುತ್ತದೆ.

ತೀರ್ಥಹಳ್ಳಿ ತಾತ

ಇಲ್ಲಿ ಮೊಮ್ಮಗನಿಗೆ ಕನ್ನಡ ಮೇಷ್ಟ್ರು ಸಿಗುತ್ತಿಲ್ಲ, ಅಲ್ಲಿ ನೀವು ಸ್ಪ್ಯಾನಿಷ್ ಬಿಡಬೇಕಾ ಅಂತ ಮಾತಾಡುತ್ತಿದ್ದೀರಿ. ಇರಲಿ, ಓದುತ್ತಿದ್ದೇನೆ, ಮುಂದುವರಿಸಿ.

ಅರ್ಧಕನ್ನಡಿಗ

ನಾನು ಹನ್ನೆರಡನೇ ಕ್ಲಾಸ್. ಕನ್ನಡ ಟೈಪಿಂಗ್ ಅಮ್ಮನದು, ಮಾತು ನನ್ನದು, ತಪ್ಪಿದ್ದರೆ ಅಮ್ಮನನ್ನು ಬೈಯಿರಿ.

ಹೋದ ವರ್ಷ ಎಪಿ ಸ್ಪ್ಯಾನಿಷ್ ಲಾಂಗ್ವೇಜ್ ಬರೆದೆ. ದೊಡ್ಡವರು ಯಾರೂ ಪರೀಕ್ಷೆ ಹೇಗಿರುತ್ತದೆ ಅಂತ ಹೇಳಲಿಲ್ಲ, ಅದಕ್ಕೆ ನಾನು ಹೇಳುತ್ತೇನೆ. ಒಂದು ಇಮೇಲ್‌ಗೆ 15 ನಿಮಿಷದಲ್ಲಿ ಉತ್ತರ ಬರೆಯಬೇಕು. ಒಂದು ಲೇಖನ, ಒಂದು ಅಂಕಿ ಅಂಶದ ಚಿತ್ರ, ಒಂದು ಆಡಿಯೊ, ಈ ಮೂರನ್ನೂ ಇಟ್ಟುಕೊಂಡು ವಾದ ಮಾಡುವ ಪ್ರಬಂಧ ಬರೆಯಬೇಕು. ಆಮೇಲೆ ಮಾತು. ರೆಕಾರ್ಡಿಂಗ್‌ನಲ್ಲಿ ಯಾರೋ ಫೋನಿನಲ್ಲಿ ಮಾತಾಡಿದ ಹಾಗೆ ಮಾತಾಡುತ್ತಾರೆ. ಬೀಪ್ ಅಂದಾಗ 20 ಸೆಕೆಂಡಿನಲ್ಲಿ ನೀವು ಉತ್ತರ ಕೊಡಬೇಕು. ಹೀಗೆ ಐದು ಸಲ. 20 ಸೆಕೆಂಡ್ ಎಷ್ಟು ಉದ್ದ ಅಂತ ಆವತ್ತೇ ಗೊತ್ತಾಗಿದ್ದು.

ಮನೆಯಲ್ಲಿ ನಾನು ಬಟ್ಟೆ ಬೀರುವಿನ ಹತ್ತಿರ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಟೀಚರಿಗೆ ಕಳಿಸಬೇಕಿತ್ತು. ಬೀಪ್ ಆಯಿತು, ನಾನು ಬಾಯಿ ತೆಗೆದೆ, ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಅಪ್ಪ “ಎಷ್ಟನೇ ವಿಷಲ್ಲು?” ಅಂತ ಕೂಗಿದರು. ನಾನು ಸ್ಪ್ಯಾನಿಷ್‌ನಲ್ಲಿ “ಮೂರು” ಅಂದುಬಿಟ್ಟೆ. ಅದೇ ರೆಕಾರ್ಡಿಂಗ್ ಹೋಯಿತು. ಟೀಚರ್ ಅದನ್ನು ಕ್ಲಾಸಿನಲ್ಲಿ ಹಾಕಿದರು.

ನನಗೆ 5ಕ್ಕೆ 4 ಬಂತು. ಕಾಲೇಜಿಗೆ ಸಹಾಯ ಆಯಿತಾ ಅಂದರೆ, ಗೊತ್ತಿಲ್ಲ, ರಿಸಲ್ಟ್ ಇನ್ನೂ ಬಂದಿಲ್ಲ. ಆದರೆ ಒಂದು ವಿಷಯ. ಸ್ಪ್ಯಾನಿಷ್ 3ರವರೆಗೆ ನಾನು ಕ್ರಿಯಾಪದದ ಪಟ್ಟಿ ಉರು ಹೊಡೆಯುತ್ತಿದ್ದೆ ಅಷ್ಟೆ. ಮಾತು ಬಂದಿದ್ದು ನಾಲ್ಕನೇ ವರ್ಷ. ಬಿಡುವವರಿಗೆ ಇದು ಗೊತ್ತಿರಲಿ. ಮತ್ತೆ ಎಪಿ ಬಯೋ, ಎಪಿ ಕೆಮ್, ಎಪಿ ಸ್ಪ್ಯಾನಿಷ್ ಮೂರನ್ನೂ ಒಂದೇ ವರ್ಷ ತೆಗೆದುಕೊಂಡ ನನ್ನ ಫ್ರೆಂಡ್ ಜನವರಿಯಲ್ಲಿ ನಿದ್ದೆ ಇಲ್ಲದೆ ಹುಷಾರು ತಪ್ಪಿದ. ಅದೂ ಗೊತ್ತಿರಲಿ.

ಶನಿವಾರದ ಮೇಷ್ಟ್ರು

ಅರ್ಧಕನ್ನಡಿಗ ಅಂತ ಯಾರಪ್ಪಾ ಹೇಳಿದ್ದು, ಪೂರ್ತಿ ಇದ್ದೀಯ.

ನಾನು ಬೇ ಏರಿಯಾದಲ್ಲಿ ಶನಿವಾರ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಫ್ರೀಮಾಂಟ್ ಅಮ್ಮನ ಕೊನೆಯ ಪ್ರಶ್ನೆಗೆ ಯಾರೂ ಬಂದಿಲ್ಲ, ಅಲ್ವಾ? ಅದಕ್ಕೆ ಬರುವ ಮೊದಲು ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ, ಕ್ಷಮಿಸಿ.

ಮನೆಯಲ್ಲಿ ಕನ್ನಡ ಇರುವ ಮಕ್ಕಳಿಗೆ ಸ್ಪ್ಯಾನಿಷ್ ಅರ್ಧ ದಾರಿ ಸವೆದೇ ಇರುತ್ತದೆ. “ಮೆ ಗುಸ್ತಾ ಎಲ್ ಕಾಫೆ” ಅಂದರೆ “ನನಗೆ ಕಾಫಿ ಇಷ್ಟ”. ನಾನು ಕಾಫಿಯನ್ನು ಇಷ್ಟಪಡುತ್ತೇನೆ ಅಂತ ಅಲ್ಲ, ನನಗೆ ಕಾಫಿ ಇಷ್ಟ. ಇಂಗ್ಲಿಷ್ ಮಾತ್ರ ಗೊತ್ತಿರುವ ಮಗುವಿಗೆ ಇದನ್ನು ತಲೆಗೆ ಹತ್ತಿಸಲು ವಾರಗಟ್ಟಲೆ ಬೇಕು. “ಮೆ ದುಯೆಲೆ ಲಾ ಕಬೆಸಾ”, ನನಗೆ ತಲೆ ನೋಯುತ್ತದೆ. ಅದೇ ಕಟ್ಟು. ತು ಮತ್ತು ಉಸ್ತೆದ್ ಅಂದರೆ ನಮ್ಮ ನೀನು, ನೀವು. “ಬಂದೆ” ಅಂದರೆ ಬಂದವರು ಯಾರು ಅಂತ ನಮಗೆ ಬೇರೆ ಹೇಳಬೇಕಿಲ್ಲ, ಅವರಿಗೂ ಅಷ್ಟೇ. ತ, ದ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವುದು ನಮ್ಮ ಮಕ್ಕಳಿಗೆ ಹುಟ್ಟಿನಿಂದ ಬಂದದ್ದು. ಕಷ್ಟ ಕೊಡುವುದು ಲಿಂಗ. ಮೇಜು ಹೆಣ್ಣಂತೆ, ಪುಸ್ತಕ ಗಂಡಂತೆ! ನಮ್ಮಲ್ಲಿ ಎರಡೂ “ಅದು”.

ಇನ್ನೊಂದು ಖುಷಿಯ ವಿಷಯ. ನಮ್ಮ ಕ್ಲಾಸಿನ ಹುಡುಗನೊಬ್ಬ ಧಾರವಾಡದ ಅಜ್ಜನ ಜೊತೆ ಫೋನಿನಲ್ಲಿ ಮಾತಾಡುವಾಗ “ಪಗಾರ ಬಂತು” ಅನ್ನುವುದು ಕೇಳಿ ಬೆಚ್ಚಿಬಿದ್ದ. ಸ್ಪ್ಯಾನಿಷ್‌ನಲ್ಲಿ ಪಗಾರ್ ಅಂದರೆ ಹಣ ಕೊಡುವುದು. ಅಜ್ಜನಿಗೆ ಸ್ಪ್ಯಾನಿಷ್ ಬರುತ್ತದಾ ಅಂತ ನನ್ನನ್ನು ಕೇಳಿದ. ಪೋರ್ಚುಗೀಸರಿಂದ ನಮ್ಮ ಕಡೆ ಬಂದ ಮಾತು ಅದು. ಆ ಎರಡು ಭಾಷೆಗಳು ಅಕ್ಕತಂಗಿಯರು. ಆವತ್ತಿನಿಂದ ಹುಡುಗ ಕ್ಲಾಸು ತಪ್ಪಿಸಿಲ್ಲ.

ಈಗ ಕನ್ನಡದ ಲೆಕ್ಕ. ಮನೆಯಲ್ಲಿ ಮಾತಾಡುತ್ತಾಳೆ ಅನ್ನುವುದು ಬಾಯಿಮಾತು. ಅದಕ್ಕೆ ಯಾರೂ ಕ್ರೆಡಿಟ್ ಕೊಡುವುದಿಲ್ಲ. ಕಾಗದ ಬೇಕು. ಮೊದಲು ಎಸ್‌ಎಟಿ ಸಬ್ಜೆಕ್ಟ್ ಟೆಸ್ಟ್ ಅಂತ ಇತ್ತು, 2021ರಲ್ಲಿ ನಿಲ್ಲಿಸಿದರು. ಅದರಲ್ಲೂ ಕನ್ನಡ ಇರಲಿಲ್ಲ ಬಿಡಿ. ಎಪಿಯಲ್ಲಿ ಭಾರತದ ಭಾಷೆ ಒಂದೂ ಇಲ್ಲ, ಹಿಂದಿಯೂ ಇಲ್ಲ. ಉಳಿದ ಒಂದು ದಾರಿ ಅವಾಂಟ್ ಅನ್ನುವ ಸಂಸ್ಥೆಯ ಸ್ಟ್ಯಾಂಪ್ ಡಬ್ಲ್ಯುಎಸ್ ಪರೀಕ್ಷೆ. ಅದರಲ್ಲಿ ಕನ್ನಡ ಇದೆ. ಬರೆಯುವುದು ಮತ್ತು ಮಾತಾಡುವುದು, ಎರಡೇ ಭಾಗ. ಕೆಲವು ಶಾಲಾ ಜಿಲ್ಲೆಗಳು ಅದರ ಅಂಕ ನೋಡಿ ಸೀಲ್ ಆಫ್ ಬೈಲಿಟರಸಿ, ಅಂದರೆ ಎರಡು ಭಾಷೆ ಓದಿ ಬರೆಯಬಲ್ಲರು ಅನ್ನುವ ಮುದ್ರೆ, ಕೊಡುತ್ತವೆ. ಈ ಸೀಲು ಶುರುವಾಗಿದ್ದೇ ನಮ್ಮ ರಾಜ್ಯದಲ್ಲಿ, ಕಾನೂನಾಗಿದ್ದು 2011ರಲ್ಲಿ. ಡಿಪ್ಲೊಮಾ ಮೇಲೆ ಒಂದು ಚಿನ್ನದ ಬಣ್ಣದ ಮುದ್ರೆ ಅಂಟಿಸುತ್ತಾರೆ.

ಎರಡು ಎಚ್ಚರಿಕೆ ಇದೆ. ಸೀಲು ಸಿಗುವುದು ಹನ್ನೆರಡನೇ ಕ್ಲಾಸ್ ಮುಗಿದಾಗ. ಅರ್ಜಿ ಹೋಗುವುದು ಅದಕ್ಕೂ ಮೊದಲು, ನವೆಂಬರ್ ಹೊತ್ತಿಗೆ. ಆದ್ದರಿಂದ ಪರೀಕ್ಷೆಯನ್ನು ಹನ್ನೊಂದರಲ್ಲೇ ಬರೆದರೆ ಅರ್ಜಿಯಲ್ಲಿ ಹೇಳಿಕೊಳ್ಳಬಹುದು. ಎರಡನೆಯದು, ನಮ್ಮಂಥ ವಾರಾಂತ್ಯದ ಶಾಲೆಯ ಸರ್ಟಿಫಿಕೇಟು ತನ್ನಷ್ಟಕ್ಕೆ ತಾನೇ ಎ-ಜಿ ಲೆಕ್ಕಕ್ಕೆ ಸೇರುವುದಿಲ್ಲ. ಯುಸಿಯವರ ಎ-ಜಿ ಕೋರ್ಸ್ ಪಟ್ಟಿ ಎಲ್ಲರಿಗೂ ತೆರೆದಿದೆ. ಶಾಲೆಯ ಹೆಸರು ಹಾಕಿ ನೋಡಿ. ಪಟ್ಟಿಯಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಇದನ್ನು ನಾನೇ ನನ್ನ ಕ್ಲಾಸಿನ ತಂದೆತಾಯಂದಿರಿಗೆ ಮೊದಲ ದಿನವೇ ಹೇಳುತ್ತೇನೆ, ಆಮೇಲೆ ಬೈಸಿಕೊಳ್ಳುವುದು ಯಾಕೆ.

ಮೈಸೂರ್‌ಪಾಕ್

ಮೇಷ್ಟ್ರೇ, ನಮ್ಮದು ಉಲ್ಟಾ ಕೇಸು. ಹೋದ ವರ್ಷ ಮೈಸೂರಿನಿಂದ ಬಂದೆವು. ಮಗ ಎಂಟನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಇಲ್ಲಿ ಒಂಬತ್ತಕ್ಕೆ ಸೇರಿಸಿದ್ದೇವೆ. ಇಂಗ್ಲಿಷ್ ಜೊತೆಗೇ ಒದ್ದಾಡುತ್ತಿದ್ದಾನೆ. ಅದರ ಮೇಲೆ ಸ್ಪ್ಯಾನಿಷ್ 1 ಹಾಕಿದ್ದಾರೆ. ಅಳುತ್ತಾನೆ.

ಕಾಫಿಪುಡಿ

ಮೈಸೂರ್‌ಪಾಕ್ ಅವರೇ, ನಾಳೆಯೇ ಶಾಲೆಗೆ ಹೋಗಿ. ಆರನೇ ತರಗತಿ ಅಥವಾ ಅದಕ್ಕಿಂತ ಮೇಲೆ ಎರಡು ವರ್ಷ ಇಂಗ್ಲಿಷ್ ಅಲ್ಲದ ಮಾಧ್ಯಮದಲ್ಲಿ ಓದಿದ್ದರೆ ಯುಸಿಯ “ಇ” ಅಲ್ಲಿಗೇ ಮುಗಿಯುತ್ತದೆ. ನಿಮ್ಮ ಮಗ ಆರು, ಏಳು, ಎಂಟು, ಮೂರು ವರ್ಷ ಓದಿದ್ದಾನೆ. ಆ ತರಗತಿಗಳ ಅಂಕಪಟ್ಟಿ ಬೇಕು. ಮಾಧ್ಯಮ ಕನ್ನಡ ಅಂತ ಶಾಲೆಯವರು ಬರೆದುಕೊಟ್ಟ ಪತ್ರವೂ ಇದ್ದರೆ ಒಳ್ಳೆಯದು. ಮೈಸೂರಿನಲ್ಲಿ ಯಾರಾದರೂ ಇದ್ದರೆ ಶಾಲೆಗೆ ಕಳಿಸಿ ಮುದ್ರೆ ಹಾಕಿಸಿ ತರಿಸಿ. ಇಂಗ್ಲಿಷಿಗೆ ಅನುವಾದ ಮಾಡಿಸಿ ಜೊತೆಗೆ ಇಡಿ. ಸ್ಪ್ಯಾನಿಷ್ ಪಿರಿಯಡ್ ಬದಲು ಇಂಗ್ಲಿಷಿಗೆ ಇನ್ನೊಂದು ಪಿರಿಯಡ್ ಸಿಗಬಹುದಾ ಅಂತ ಕೇಳಿ. ಖಾಸಗಿ ಕಾಲೇಜುಗಳ ಮಾತು ಬೇರೆ, ಆದರೆ ಈಗ ಅದರ ಚಿಂತೆ ಬೇಡ.

ಮೈಸೂರ್‌ಪಾಕ್

ಮೇಡಂ, ಒಂಬತ್ತು ತಿಂಗಳಿಂದ ಇದನ್ನು ಯಾರೂ ಹೇಳಿರಲಿಲ್ಲ. ನಮ್ಮಣ್ಣ ಸರಸ್ವತಿಪುರಂನಲ್ಲೇ ಇದ್ದಾನೆ. ಈಗಲೇ ಫೋನ್ ಮಾಡುತ್ತೇನೆ. ಅಲ್ಲಿ ಬೆಳಗಿನ ಜಾವ ಐದು ಗಂಟೆ, ಪರವಾಗಿಲ್ಲ, ಎದ್ದಿರುತ್ತಾನೆ.

ಡಲ್ಲಾಸ್ ಗೌಡ

ಒಂದು ವಿಷಯ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಮಕ್ಕಳನ್ನು ನಾಲ್ಕು ವರ್ಷ ಭಾಷೆ ಓದಿ ಬಾ ಅನ್ನುತ್ತಾರೆ. ಇತ್ತ ಕಾಲೇಜುಗಳಲ್ಲೇ ಭಾಷೆಯ ವಿಭಾಗಗಳು ಬಾಗಿಲು ಹಾಕುತ್ತಿವೆ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ 2023ರಲ್ಲಿ ವಿದೇಶಿ ಭಾಷೆಗಳ ಡಿಗ್ರಿಗಳನ್ನೇ ತೆಗೆದುಹಾಕಿತು. 2016ರಿಂದ 2021ರೊಳಗೆ ದೇಶದ ಕಾಲೇಜುಗಳಲ್ಲಿ ಭಾಷೆ ಓದುವವರು ನೂರಕ್ಕೆ 16ಕ್ಕಿಂತ ಜಾಸ್ತಿ ಕಡಿಮೆಯಾದರು ಅಂತ ಮಾಡರ್ನ್ ಲಾಂಗ್ವೇಜ್ ಅಸೋಸಿಯೇಷನ್ ಲೆಕ್ಕ ಕೊಟ್ಟಿತ್ತು. ಕೊರಿಯನ್ ಒಂದು ಜೋರಾಗಿ ಏರಿದೆ. ಕಾರಣ ನಮ್ಮ ಮನೆಯ ಟೀವಿ ನೋಡಿದರೆ ಗೊತ್ತಾಗುತ್ತದೆ.

ಜಯನಗರ ನಾಲ್ಕನೇ ಬ್ಲಾಕ್

ಬೆಂಗಳೂರಿನಿಂದ ಕೇಳುತ್ತಿದ್ದೇನೆ. ಮಗಳು ಐಸಿಎಸ್‌ಇ ಎಂಟನೇ ತರಗತಿ, ಎರಡನೇ ಭಾಷೆ ಕನ್ನಡ. ಅಂಡರ್‌ಗ್ರಾಜುಯೇಟ್‌ಗೇ ಅಮೆರಿಕಕ್ಕೆ ಕಳಿಸುವ ಯೋಚನೆ ಇದೆ. ಇಲ್ಲಿ ಒಬ್ಬ ಕನ್ಸಲ್ಟೆಂಟ್ “ಫ್ರೆಂಚ್ ಇಲ್ಲದಿದ್ದರೆ ಪ್ರೊಫೈಲ್ ವೀಕು” ಅಂತ ಹೆದರಿಸಿ ವಾರಾಂತ್ಯದ ಫ್ರೆಂಚ್ ಕೋರ್ಸಿಗೆ ಸೇರಿಸಿಕೊಳ್ಳಲು ನೋಡುತ್ತಿದ್ದಾರೆ. ಸೇರಿಸಲಾ?

ಶನಿವಾರದ ಮೇಷ್ಟ್ರು

ಅಯ್ಯೋ ದೇವರೇ. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಬೀದಿಯಲ್ಲಿ ಇನ್ನೆರಡು ಭಾಷೆ ಆಡುವ ಬೆಂಗಳೂರಿನ ಮಗುವಿಗೆ ಭಾಷೆ ವೀಕಂತೆ! ಅಲ್ಲಿನ ಕಾಲೇಜುಗಳಿಗೆ ಬೇಕಾಗಿರುವುದು ಇಂಗ್ಲಿಷ್ ಅಲ್ಲದ ಭಾಷೆ. ಕನ್ನಡ ಇಂಗ್ಲಿಷ್ ಅಲ್ಲ ಅಂತ ಕನ್ಸಲ್ಟೆಂಟ್‌ಗೆ ಯಾರಾದರೂ ತಿಳಿಸಿ.

ಕಾಫಿಪುಡಿ

ಮೇಷ್ಟ್ರು ಸಿಟ್ಟಿನಲ್ಲಿ ಹೇಳಿದರೂ ಸರಿಯಾಗೇ ಹೇಳಿದ್ದಾರೆ. ಭಾರತದಲ್ಲಿ ಓದುವವರಿಗೆ ಶಾಲೆಯ ಅಂಕಪಟ್ಟಿಯಲ್ಲಿರುವ ಕನ್ನಡ ಅಥವಾ ಹಿಂದಿಯೇ ಆ ಭಾಷೆ. ಅರ್ಜಿಯಲ್ಲಿ ಅದನ್ನು ತೋರಿಸುವುದನ್ನು ಮರೆಯಬೇಡಿ, ಅಷ್ಟೆ. ಮಗಳಿಗೆ ಫ್ರೆಂಚ್ ಮೇಲೆ ಆಸೆ ಇದ್ದರೆ ಖಂಡಿತ ಕಲಿಯಲಿ. ಆದರೆ ಅಂಕಪಟ್ಟಿಯಲ್ಲಿರುವ ಕನ್ನಡ ತೆಗೆದು ಆ ಜಾಗಕ್ಕೆ ಫ್ರೆಂಚ್ ಹಾಕುವ ಅಗತ್ಯ ಇಲ್ಲ. ಜಾರ್ಜ್‌ಟೌನ್‌ನ ಸ್ಕೂಲ್ ಆಫ್ ಫಾರಿನ್ ಸರ್ವಿಸ್ ತರಹದ ಕಡೆ ಹೋಗುವವರ ಲೆಕ್ಕ ಬೇರೆ. ಅಲ್ಲಿ ಡಿಗ್ರಿ ಮುಗಿಯಬೇಕಾದರೆ ಒಂದು ಆಧುನಿಕ ಭಾಷೆಯಲ್ಲಿ ಪಳಗಿರಲೇಬೇಕು. ಅಂಥವರು ಬೇಗ ಶುರು ಮಾಡಿದರೆ ಒಳ್ಳೆಯದು.

ಎಡಿಸನ್ ರಾಯರು

ಫ್ರೀಮಾಂಟ್ ಅಮ್ಮ ಎಲ್ಲಿ ಹೋದರು? ಶುಕ್ರವಾರ ಆಗಿಹೋಯಿತಲ್ಲ.

ಫ್ರೀಮಾಂಟ್ ಅಮ್ಮ

ಇಲ್ಲೇ ಇದ್ದೇನೆ ರಾಯರೇ. ಎಲ್ಲವನ್ನೂ ಓದಿದೆ, ಮನೆಯವರಿಗೂ ಓದಿ ಹೇಳಿದೆ.

ಗುರುವಾರ ರಾತ್ರಿ ಊಟ ಆದ ಮೇಲೆ ಅಪ್ಪ ಮಗಳು ಇಬ್ಬರನ್ನೂ ಕೂರಿಸಿದೆ. ಕಾಫಿಪುಡಿ ಅಕ್ಕ ಹೇಳಿದ ಸಿ5 ಕೋಷ್ಟಕ ತೆಗೆದೆವು. “ನಿನ್ನ ಪಟ್ಟಿ ಹೇಳು” ಅಂತ ಇವರು ಅಂದರು. ಅವಳು ಫೋನಿನಲ್ಲಿ ಬರೆದಿಟ್ಟುಕೊಂಡಿದ್ದನ್ನು ಓದಿದಳು. ಡೇವಿಸ್, ಸಾಂಟಾ ಕ್ರೂಜ್, ಸಾನ್ ಡಿಯಾಗೋ, ಕ್ಯಾಲ್ ಪಾಲಿ, ಸಾನ್ ಹೊಸೆ ಸ್ಟೇಟ್, ಹೀಗೆ. ಹಾರ್ವರ್ಡ್ ಅದರಲ್ಲಿ ಇಲ್ಲವೇ ಇಲ್ಲ! ಅದು ಇದ್ದದ್ದು ಇವರ ಪಟ್ಟಿಯಲ್ಲಿ. ಅವಳಿಗೆ ಕಡಲ ಜೀವಿಗಳ ಬಗ್ಗೆ ಓದಬೇಕಂತೆ, ಸಮುದ್ರದ ಹತ್ತಿರ ಇರಬೇಕಂತೆ. ಎರಡು ವರ್ಷದಿಂದ ಹಾರ್ವರ್ಡ್ ಹಾರ್ವರ್ಡ್ ಅಂತ ಜಪ ಮಾಡಿದ ಮನುಷ್ಯ ಒಂದು ನಿಮಿಷ ಸುಮ್ಮನೆ ಕೂತರು. ಆಮೇಲೆ “ಮೊದಲೇ ಹೇಳೋದಲ್ವಾ?” ಅಂದರು. “ನೀವು ಕೇಳಲಿಲ್ಲ” ಅಂದಳು.

ಇನ್ನೊಂದು ವಿಷಯವೂ ಹೊರಬಂತು. ಕೆಮಿಸ್ಟ್ರಿ ಆಸೆ ನಿಜವೇ. ಆದರೆ ಕ್ಲಾಸಿನಲ್ಲಿ ಮನೆಯಲ್ಲೇ ಸ್ಪ್ಯಾನಿಷ್ ಆಡುವ ಮಕ್ಕಳು ಅರ್ಧದಷ್ಟು ಇದ್ದಾರಂತೆ. ಅವರ ಮುಂದೆ ಎದ್ದು ಮಾತಾಡಲು ಬಾಯಿ ಕಟ್ಟುತ್ತದಂತೆ. ಅರ್ಧಕನ್ನಡಿಗ ಬರೆದ ಕುಕ್ಕರ್ ಕಥೆ ಓದಿ ಹೇಳಿದೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಸುಮ್ಮನಾದಳು. “ಮೂರಕ್ಕೆ ಬಿಟ್ಟರೆ ಬರೀ ಪಟ್ಟಿ ಉರು ಹೊಡೆದ ಹಾಗಾಗುತ್ತೆ ಅಲ್ವಾ ಅಮ್ಮಾ” ಅಂದಳು. ನಾನು ಉತ್ತರ ಕೊಡಲಿಲ್ಲ. ಕೊಟ್ಟರೆ ಅದು ನನ್ನ ತೀರ್ಮಾನ ಆಗಿಬಿಡುತ್ತದೆ.

ಫಾರ್ಮಿನಲ್ಲಿ ಎಪಿ ಕೆಮಿಸ್ಟ್ರಿ ಬರೆದಳು. ಸ್ಪ್ಯಾನಿಷ್ ಇಲ್ಲ. ಬೇಸಿಗೆಯಲ್ಲಿ ಕಮ್ಯುನಿಟಿ ಕಾಲೇಜಿನ ಮಾತಾಡುವ ಸ್ಪ್ಯಾನಿಷ್ ಕ್ಲಾಸಿಗೆ ಸೇರುತ್ತಾಳಂತೆ, ಕ್ರೆಡಿಟ್ಟಿಗಲ್ಲ, ಅಲ್ಲಿ ಎಲ್ಲರೂ ತನ್ನ ಹಾಗೇ ತಡವರಿಸುವವರು ಇರುತ್ತಾರೆ ಅಂತ. ಸೇರಿದರೆ ಸರಿ, ಇಲ್ಲದಿದ್ದರೂ ಸರಿ.

ಕನ್ನಡ ಪರೀಕ್ಷೆ ಬರೆಯುತ್ತೇನೆ ಅಂದಿದ್ದಾಳೆ. ಸೀಲಿಗೆ ಸ್ಪ್ಯಾನಿಷ್‌ಗಿಂತ ಇದೇ ಸುಲಭ ಅಂತ ಅವಳ ಲೆಕ್ಕ. ನೋಡೋಣ. ಮೇಷ್ಟ್ರೇ, ಬರೆಯುವ ಭಾಗದಲ್ಲಿ ಕೈಯಲ್ಲಿ ಬರೆಯುವುದಾ, ಟೈಪ್ ಮಾಡುವುದಾ?

ಶನಿವಾರದ ಮೇಷ್ಟ್ರು

ನನ್ನ ಇಬ್ಬರು ಮಕ್ಕಳು ಬರೆದಾಗ ಟೈಪ್ ಮಾಡಬೇಕಿತ್ತು. ನಿಮ್ಮ ಜಿಲ್ಲೆಯಲ್ಲಿ ಹೇಗೆ ಅಂತ ಮೊದಲೇ ಕೇಳಿಕೊಳ್ಳಿ. ಚೆನ್ನಾಗಿ ಮಾತಾಡುವ ಮಕ್ಕಳು ಬೀಳುವುದೇ ಅಲ್ಲಿ. ಒತ್ತಕ್ಷರ ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಹೊತ್ತು ಕಳೆದುಹೋಗಿರುತ್ತದೆ. ಇನ್ನೊಂದು, “ನೀನು” ಅನ್ನಬೇಕಾ “ನೀವು” ಅನ್ನಬೇಕಾ ಅನ್ನುವಲ್ಲಿ ತಪ್ಪುತ್ತಾರೆ. ಮನೆಯಲ್ಲಿ ಎಲ್ಲರನ್ನೂ ನೀನು ಅಂದೇ ಅಭ್ಯಾಸ.

ಎಡಿಸನ್ ರಾಯರು

ಅಮ್ಮಾ, ಬಿಡಿಸಬೇಡಿ ಅಂದವನು ನಾನು. ಆದರೂ ಮಗಳ ಜಾಣತನಕ್ಕೆ ನನ್ನದೊಂದು ಶಹಬ್ಬಾಸ್. ನಮ್ಮ ಮಗನ ಕಾಲೇಜು ಪಟ್ಟಿ ಏನು ಅಂತ ನನಗೂ ಗೊತ್ತಿಲ್ಲ ಅಂತ ಈಗ ನೆನಪಾಯಿತು. ಕೇಳಿ ಬರುತ್ತೇನೆ.

ಮೈಸೂರ್‌ಪಾಕ್

ಅಣ್ಣ ಅಂಕಪಟ್ಟಿ ತರಿಸಿದ. ಆರನೇ ತರಗತಿಯದು ಸ್ವಲ್ಪ ಇಲಿ ಕಡಿದಿದೆ, ಅಂಕ ಕಾಣುತ್ತದೆ. ನಡೆಯುತ್ತದಾ ಮೇಡಂ?

ಕಾಫಿಪುಡಿ

ಅಂಕ, ಹೆಸರು, ಮುದ್ರೆ ಕಾಣುತ್ತಿದ್ದರೆ ಮೊದಲು ಅದನ್ನೇ ತೋರಿಸಿ. ಜೊತೆಗೆ ಶಾಲೆಯಿಂದ ಇನ್ನೊಂದು ಪ್ರತಿಗೂ ಕೇಳಿಟ್ಟಿರಿ.

ಫ್ರೀಮಾಂಟ್ ಅಮ್ಮ

ನಿನ್ನೆ ಲ್ಯಾಪ್‌ಟಾಪಿನಲ್ಲಿ ಕನ್ನಡ ಕೀಬೋರ್ಡ್ ಹಾಕಿಕೊಟ್ಟೆ. ಮೊದಲ ವಾಕ್ಯ “ನನಗೆ ಕಾಫಿ ಇಷ್ಟ”. ಕಾಫಿ ಬೇಗ ಬಂತು. “ಷ್ಟ” ಬರಲು ಹತ್ತು ನಿಮಿಷ ಆಯಿತು. ಎದ್ದು ಹೋಗಲಿಲ್ಲ, ಅಷ್ಟೇ ಸಮಾಧಾನ. ಮೇಷ್ಟ್ರೇ, ಶನಿವಾರ ಎಷ್ಟು ಗಂಟೆಗೆ ಕರೆದುಕೊಂಡು ಬರಲಿ?

ಶನಿವಾರದ ಮೇಷ್ಟ್ರು

ಹತ್ತಕ್ಕೆ. ಮೊದಲ ದಿನ ಲ್ಯಾಪ್‌ಟಾಪ್ ಬೇಡ, ಪೆನ್ಸಿಲ್ ತರಲಿ.